ಶಮೀಮಳ ಕೊರಳಿನ ಗಂಟು

ಜೈತೂನಬಿ, ಹಾವೇರಿ ದವಾಖಾನೆಯಲ್ಲಿ ಪಾಳಿ ಹಚ್ಚಲು ಮೊದಲ ಬಸ್ಸಿಗೆ ಹೊರಟಿದ್ದೇನೆ. ಶಮೀಮಳನ್ನು ಕರೆದುಕೊಂಡು ನೀನು ಎಂಟರ ಬಸ್ಸಿಗೆ ಬಾ. ಅವಳಿಗೆ ರೊಟ್ಟಿ ತಿನ್ನಿಸು, ಸೂಜಿಯ ಮಾತು ಎತ್ತಬೇಡ.

ಈಗ ಅವಳು ಮಲಗಿದ್ದಾಗ ಮತ್ತೆ ಮುಟ್ಟಿ ನೋಡಿದೆ. ಕಿವಿಯ ಕೆಳಗೆ ಕಡಲೆಯಷ್ಟು ಮೂರು ಗಂಟು. ರಮಜಾನದಿಂದ ಹಾಗೇ ಇವೆ, ಕರಗಿಲ್ಲ.

ನಿನ್ನ ತಾಯಿ ಹೊಸರಿತ್ತಿಯಿಂದ ಏಳಕ್ಕೆಲ್ಲ ಬಂದುಬಿಡುತ್ತಾರೆ. "ಅರಿಶಿಣ ಕೊಂಬು ಕಾಸಿ ಒಂದು ಬರಿ ಕೊಟ್ರ ಹೋಗ್ತಾವ್ರಿ, ದವಾಖಾನಿ ಯಾಕ?" ಎಂದು ಮೊನ್ನೆ ಅಂದಾಗ ನಾನು ಸುಮ್ಮನಿದ್ದೆ. ನೀನು ಸುಮ್ಮನಿರಬೇಡ. ಅವರ ಕೈಗೆ ಚಹಾ ಕೊಡು, ಮಗುವನ್ನು ಕೊಡಬೇಡ.

ನನ್ನ ತಂಗಿ ತಾಜಬಿಗೂ ಚಿಕ್ಕಂದಿನಲ್ಲಿ ಹೀಗೇ ಗಂಟು ಎದ್ದಿದ್ದವು. ಹಿರಿಯರು ಬರೆ ಹಾಕಿದರು. "ಭೈಯಾ, ಬಿಡೋ, ಬಿಡೋ" ಎಂದು ಚೀರಿದಳು. ಬರೆ ಮಾಯಿತು, ಗಂಟು ಬೆಳೆದವು. ಮಳೆಗಾಲ ಮುಗಿಯುವುದರೊಳಗೆ ಹೋಗಿಬಿಟ್ಟಳು. ಬರೆ ಹಾಕುವಾಗ ಅವಳ ಕಾಲು ಒತ್ತಿ ಹಿಡಿದಿದ್ದವನು ನಾನೇ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಬಸ್ಸು ತಪ್ಪಿಸಬೇಡ ಬೇಟಿ. ಶಮೀಮಳ ಬರೆಯಿಲ್ಲದ ಕೊರಳು ಕಾಣುವವರೆಗೆ ನಾನು ದವಾಖಾನೆಯ ಬಾಗಿಲಲ್ಲೇ ನಿಂತಿರುತ್ತೇನೆ.

ನಿನ್ನ ಮಾವ
ಫಕ್ಕೀರಸಾಬ