ನಿರ್ದೇಶಕರ ಗೋಡೆಯ ಚಿಟ್ಟೆಗಳು

ಜುಲೈ ೯, ಗುರುವಾರ

ನಮ್ಮ ಕೃಷಿ ಸಂಶೋಧನಾ ಕೇಂದ್ರದ ಕೀಟಸಂಗ್ರಹದಲ್ಲಿ, ಸೂಜಿ ಚುಚ್ಚಿಟ್ಟ ಕಾಂಡಕೊರಕ ಪತಂಗಗಳ ಪೆಟ್ಟಿಗೆ ಇವತ್ತು ತೆರೆದೆ. ಸೂಜಿಗಳು ಮಾತ್ರ ನೆಟ್ಟಗೆ ನಿಂತಿದ್ದವು. ಕೆಳಗೆ ಬರೀ ಕಂದು ಪುಡಿ. ಬೆಳೆಗೆ ಬಿದ್ದ ಹುಳ ಯಾವುದೆಂದು ಇವುಗಳ ಪಕ್ಕದಲ್ಲಿಟ್ಟೇ ಗುರುತಿಸುತ್ತಿದ್ದೆವು. ಪೆಟ್ಟಿಗೆಗೆ ಹುಳ ಹತ್ತದಂತೆ ನುಸಿಗುಳಿಗೆ ತರಿಸಿಕೊಡಿ ಎಂದು ನಿರ್ದೇಶಕರನ್ನು ವರ್ಷವಿಡೀ ಗೋಗರೆದಿದ್ದೆ.

ಪೆಟ್ಟಿಗೆಯನ್ನೇ ಒಯ್ದು ಅವರ ಮೇಜಿನ ಮೇಲಿಟ್ಟೆ. ಅವರು ತಲೆ ಎತ್ತಲಿಲ್ಲ. “ಸತ್ತಿರೋ ಹುಳಕ್ಕೆ ಇನ್ನೇನಮ್ಮ ಆಗ್ಬೇಕು? ಬೇರೆ ಹಿಡಿದ್ರಾಯ್ತು,” ಎಂದರು. ಹಿಂದಿನ ಗೋಡೆಯ ಮೇಲೆ ಅವರ ಪ್ರಾಣ: ಹರೆಯದಲ್ಲಿ ತಾವೇ ಹಿಡಿದು ಗಾಜಿನ ಚೌಕಟ್ಟಿನಲ್ಲಿಟ್ಟ ನೀಲಿ ಚಿಟ್ಟೆಗಳು. “ನಾಳೆ ಇದರ ಗಾಜು ತೆಗೆದು ಒರೆಸಿಡಿ. ಹುಷಾರು, ರೆಕ್ಕೆ ಉದುರುತ್ತೆ.”

ಆಗಲಿ ಸರ್ ಎಂದೆ, ಬೆಣ್ಣೆಯಷ್ಟು ಮೆತ್ತಗೆ.

ಪುಡಿಯೊಳಗೆ ಒಂದು ಮರಿಹುಳ ಇನ್ನೂ ಜೀವಂತವಿತ್ತು. ಒಣಗಿದ ಹುಳಗಳನ್ನೇ ತಿಂದು ಬದುಕುವ, ಮೈತುಂಬ ರೋಮದ, ಅಕ್ಕಿಕಾಳಿನಷ್ಟು ಜೀವ. ಕಂಡ ಕೂಡಲೇ ಕೊಲ್ಲುವುದು ನನ್ನ ಕೆಲಸ. ಇವತ್ತು ಸೀಸೆಗೆ ಹಾಕಿ, ಕೈಚೀಲದಲ್ಲಿ ಜೋಪಾನವಾಗಿ ಮನೆಗೆ ತಂದೆ.

“ಒಬ್ಬಳೇ ಯಾಕೆ ನಗ್ತಿದ್ದೀಯಕ್ಕಾ?” ಎಂದು ತಂಗಿ ಕೇಳಿದಳು.

“ನಾಳೆ ಒಬ್ಬರನ್ನ ಊಟಕ್ಕೆ ಕರೆದಿದ್ದೀನಿ.”

ಸೀಸೆ ಈಗ ದೀಪದ ಪಕ್ಕದಲ್ಲಿದೆ. ಮರಿಹುಳ ಗಾಜು ಹತ್ತಲು ನೋಡಿ ಜಾರುತ್ತಿದೆ. ತಿನ್ನಲು ಏನೂ ಹಾಕಿಲ್ಲ. ಹಸಿದಿರಲಿ.