ಗಾಜಿನಾಚೆ ನಿಂತ ವಿಮಾನ

ನಾಗಮಂಗಲ
೧೨-೨-೨೦೨೫, ಬುಧವಾರ

ಅರ್ಪಿತಳ ಅಪ್ಪನಿಗೆ ಪುಷ್ಪ ಕೈಮುಗಿದು ಬರೆಯುವುದು.

ಕಾಲಿನ ಕೆರೆತ ಈಗ ಹೇಗಿದೆ? ಬೆರಳ ಸಂದಿಯೆಲ್ಲ ಹುಣ್ಣಾಗಿದೆ ಎಂದು ಹೋದ ಕಾಗದದಲ್ಲಿ ಬರೆದಿದ್ದಿರಿ. ಅಲ್ಲಿಯ ಡಾಕ್ಟರು ಕೊಟ್ಟ ಮುಲಾಮು ಹಚ್ಚುತ್ತಿದ್ದೀರೋ, ಇಲ್ಲ ಮನೆಯಲ್ಲಿ ಮಾಡುತ್ತಿದ್ದಂತೆ ದಿಂಬಿನಡಿ ಇಟ್ಟು ಮರೆತಿದ್ದೀರೋ? ಸ್ನಾನವಾದ ಮೇಲೆ ಕಾಲು ಚೆನ್ನಾಗಿ ಒರೆಸಿಕೊಳ್ಳಿ. ಇಲ್ಲಿ ನಾವು ಇದ್ದ ಹಾಗೇ ಇದ್ದೇವೆ. ಅತ್ತೆಯ ಮಂಡಿನೋವೂ ಕಡಿಮೆಯಾಗಿಲ್ಲ, ಬಾಯಿಯೂ ಕಡಿಮೆಯಾಗಿಲ್ಲ. ಅರ್ಪಿತಳಿಗೆ ಮುಂದಿನ ತಿಂಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ. ಓದುತ್ತಾಳೆ, ಆದರೆ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೋಗುವುದು ನಿಮ್ಮದೇ ಬುದ್ಧಿ.

ಸೋಮವಾರ ನೀವು ಕಾದಿರಿ ಎಂದು ನನಗೆ ಗೊತ್ತು. ಹತ್ತು ಗಂಟೆಯಿಂದ ಒಂದು ಗಂಟೆಯವರೆಗೆ ಆ ಬೆಂಚಿನ ಮೇಲೇ ಕೂತಿದ್ದಿರಂತೆ, ಬೇರೆಯವರ ಹೆಸರು ಕೂಗಿದಾಗಲೂ ಎದ್ದು ನಿಲ್ಲುತ್ತಿದ್ದಿರಂತೆ. ಗೇಟಿನ ಪೊಲೀಸಪ್ಪ ಹೇಳಿದ್ದನ್ನು ಎಳನೀರು ಮಂಡಿಯ ನಂಜಪ್ಪಣ್ಣ ಕನ್ನಡದಲ್ಲಿ ಹೇಳಿದರು. ಬರುತ್ತೇನೆಂದು ಹೇಳಿ ಬಾರದೇ ಹೋದವಳು ಎಂದು ನೀವು ಅಂದುಕೊಳ್ಳಬಾರದು, ಅದಕ್ಕೇ ಡ್ಯೂಟಿ ಮುಗಿಸಿ ಬಂದವಳು ಮುಖವನ್ನೂ ತೊಳೆಯದೆ ಬರೆಯುತ್ತಿದ್ದೇನೆ. ನಾನು ಬಂದಿದ್ದೆ. ನಿಮ್ಮ ಗೋಡೆಯ ಈಚೆ ಅರ್ಧ ಗಂಟೆ ನಿಂತಿದ್ದೆ.

ವಾರದ ರಜದ ಜೊತೆಗೆ ಡಿಪೋದಲ್ಲಿ ಎರಡು ದಿನ ಸಿಕ್ಕಿದ್ದೇ ಹೆಚ್ಚು. ಅಷ್ಟರಲ್ಲಿ ರೈಲಿನಲ್ಲಿ ರಾಯಪುರಕ್ಕೆ ಹೋಗಿ ಬರಲಾಗುವುದಿಲ್ಲ ಎಂದು ನನ್ನ ಬಸ್ಸಿನ ಡ್ರೈವರ್ ಕೆಂಪಣ್ಣನೇ ತನ್ನ ಮಗಳ ಕೈಯಲ್ಲಿ ವಿಮಾನದ ಟಿಕೆಟ್ ಮಾಡಿಸಿದ್ದು. ಬೆಂಗಳೂರಿನಿಂದ ಹೈದರಾಬಾದು, ಅಲ್ಲಿ ಇಳಿದು ಇನ್ನೊಂದು ವಿಮಾನ, ಹನ್ನೊಂದಕ್ಕೆ ರಾಯಪುರ, ಹನ್ನೆರಡಕ್ಕೆ ನಿಮ್ಮೆದುರು. ಲೆಕ್ಕ ಸರಿಯಾಗಿತ್ತು. "ನಾಕ್ ಗಂಟೆ ಕೆಲ್ಸ ಕಣವ್ವ, ಶ್ರೀರಂಗಪಟ್ಣಕ್ಕೆ ಹೋಗಿ ಬಂದಂಗೆ" ಎಂದು ಕೆಂಪಣ್ಣ ಧೈರ್ಯ ಹೇಳಿದ್ದ. ಅವನೂ ವಿಮಾನ ಹತ್ತಿದವನಲ್ಲ.

ಶುರುವಿನಿಂದಲೇ ಅಸಹ್ಯ. ಬ್ಯಾಗು ತಪಾಸಣೆ ಮಾಡುವ ಕಡೆ ಅತ್ತೆ ಕಟ್ಟಿಕೊಟ್ಟಿದ್ದ ಕೊಬ್ಬರಿ ಗಿಟುಕುಗಳನ್ನು ಎತ್ತಿ ಪಕ್ಕಕ್ಕಿಟ್ಟರು. ಅದರಲ್ಲಿ ಎಣ್ಣೆ ಇದೆ, ಬೆಂಕಿ ಹತ್ತುತ್ತದಂತೆ. ನಮ್ಮ ಕಡೆ ಮನೆಮನೆಯ ಅಟ್ಟದ ಮೇಲೂ ಕೊಬ್ಬರಿ ಇದೆ, ಯಾವ ಅಟ್ಟವೂ ತಾನಾಗಿ ಹೊತ್ತಿಕೊಂಡದ್ದನ್ನು ನಾನು ಕಂಡಿಲ್ಲ. ಹುಣಸೆ ತೊಕ್ಕೂ ಹೋಯಿತು, ಅದು ನೀರಿನ ಜಾತಿಯಂತೆ. ನಿಮಗೆಂದು ಬೆಳ್ಳುಳ್ಳಿ ಜಾಸ್ತಿ ಹಾಕಿ ಮಾಡಿದ್ದ ತೊಕ್ಕನ್ನು ಡಬ್ಬಿಯ ಸಮೇತ ತೊಟ್ಟಿಗೆ ಹಾಕುವಾಗ ಆ ಹುಡುಗಿ ಮೂಗು ಸಿಂಡರಿಸಿದಳು. ಹುರಿಹಿಟ್ಟನ್ನು ಮಾತ್ರ ಇಬ್ಬರು ಮೂಸಿ ನೋಡಿ, ತಮ್ಮ ತಮ್ಮಲ್ಲೇ ಮಾತಾಡಿಕೊಂಡು, ಬಿಟ್ಟರು. ಅಲ್ಲಿ ಚಪ್ಪಲಿ ಬಿಚ್ಚಿ, ಕೈ ಎತ್ತಿ ನಿಂತಾಗ ನೀವೇ ನೆನಪಾದಿರಿ. ನಿಮ್ಮನ್ನು ಹೀಗೆ ದಿನಕ್ಕೆ ಎಷ್ಟು ಸಲ ನಿಲ್ಲಿಸುತ್ತಾರೋ.

ಒಳಗೆ ನನಗೆ ಸಿಕ್ಕಿದ್ದು ನಡುವಿನ ಸೀಟು. ಕಿಟಕಿ ಬೇಕಾದರೆ ಬೇರೆ ದುಡ್ಡು ಕಟ್ಟಬೇಕಂತೆ. ನಮ್ಮ ಬಸ್ಸಿನಲ್ಲಿ ಹೊರಗಿನಿಂದ ಟವೆಲ್ ಹಾಕಿದವರಿಗೆ ಕಿಟಕಿ, ಅದಕ್ಕಾಗಿ ಜಗಳವಾಗುತ್ತದೆ ನಿಜ, ಆದರೆ ಜಗಳಕ್ಕೆ ದುಡ್ಡಿಲ್ಲ. ಎಡಗಡೆಯವನು ಶೂ ಬಿಚ್ಚಿ ಕಾಲುಚೀಲದ ಕಾಲನ್ನು ಮುಂದಿನ ಸೀಟಿನ ಸಂದಿಗೆ ತೂರಿಸಿದ. ಅದರ ನಾತಕ್ಕೆ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಬಲಗಡೆಯವನು ಇಬ್ಬರಿಗೂ ಸೇರಿದ ಸೀಟಿನ ಕೈಯ ಮೇಲೆ ಮೊಣಕೈ ಊರಿದವನು ಇಳಿಯುವವರೆಗೆ ತೆಗೆಯಲಿಲ್ಲ. ಏಳೂ ಹತ್ತಕ್ಕೆ ಹೊರಡಬೇಕಾದದ್ದು ಬಾಗಿಲು ಮುಚ್ಚಿಕೊಂಡು ನಿಂತೇ ಇತ್ತು. ಅರ್ಧ ಗಂಟೆಯಾಯಿತು, ಮುಕ್ಕಾಲಾಯಿತು. ಮೇಲಿನಿಂದ ಬೀಸುತ್ತಿದ್ದ ಗಾಳಿ ನಿಂತುಹೋಯಿತು. ಯಾರದೋ ಮಗು ವಾಂತಿ ಮಾಡಿಕೊಂಡಿತು. ಮೂರು ಭಾಷೆಯಲ್ಲಿ ಕ್ಷಮೆ ಕೇಳುವ ದನಿ ಮಾತ್ರ ಮೇಲಿನಿಂದ ಬರುತ್ತಿತ್ತು, ಯಾಕೆ ತಡ ಎಂದು ಒಂದರಲ್ಲೂ ಹೇಳಲಿಲ್ಲ. ನನ್ನ ಬಸ್ಸು ಕೆಟ್ಟು ನಿಂತರೆ ನಾನು ಇಳಿದು ಬಂದು ಇಂಥದು ಕೆಟ್ಟಿದೆ, ಇಷ್ಟು ಹೊತ್ತಾಗುತ್ತದೆ ಎಂದು ಹೇಳುತ್ತೇನೆ. ಬೈಸಿಕೊಳ್ಳುತ್ತೇನೆ. ಬೈಸಿಕೊಳ್ಳುವುದಕ್ಕಾದರೂ ಜನಕ್ಕೆ ಒಂದು ಮುಖ ಬೇಕಲ್ಲ! ಅಲ್ಲಿ ಓಡಾಡುತ್ತಿದ್ದ ಹುಡುಗಿಯ ಕೈ ಹಿಡಿದು "ನಂಗೆ ಐದ್ರಾಬಾದ್ನಾಗೆ ಇನ್ನೊಂದು ವಿಮಾನ ಇಡೀಬೇಕು ಕಣವ್ವ" ಎಂದೆ. "ಡೋಂಟ್ ವರಿ ಮ್ಯಾಮ್" ಎಂದು ನಗುತ್ತಾ ಕೈ ಬಿಡಿಸಿಕೊಂಡು ಹೋದಳು.

ಹೈದರಾಬಾದಿನಲ್ಲಿ ಇಳಿದಾಗ ಒಂಬತ್ತೂ ಐದು. ಎರಡನೆಯ ವಿಮಾನ ಒಂಬತ್ತೂ ಮುಕ್ಕಾಲಿಗೆ. ಸಮಯವಿತ್ತು. ಆದರೆ ನೆಲಕ್ಕೆ ತಾಗಿದ್ದೇ ತಡ ಎಲ್ಲರೂ ಎದ್ದು ತಲೆಯ ಮೇಲಿನ ಬ್ಯಾಗು ಎಳೆದುಕೊಂಡು ದಾರಿಗೆ ಅಡ್ಡ ನಿಂತರು, ಬಾಗಿಲು ತೆಗೆಯಲಿಲ್ಲ. ಏಣಿ ಬರಲಿಲ್ಲ, ಏಣಿ ಬಂದ ಮೇಲೆ ಕೆಳಗೆ ಬಸ್ಸು ಬರಲಿಲ್ಲ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ನಲವತ್ತೆರಡು ವರ್ಷದವಳು, ಸೀರೆ ಎತ್ತಿ ಕಟ್ಟಿ, ಆ ಹೊಳೆಯುವ ನೆಲದ ಮೇಲೆ ಓಡಿದೆ ಎಂದರೆ ನೀವು ನಂಬುವುದಿಲ್ಲ. ಗೇಟಿನ ಬಳಿ ಹೋದಾಗ ಒಂಬತ್ತೂ ಇಪ್ಪತ್ತೆಂಟು. ಕ್ಲೋಸ್ಡ್ ಎಂದ ಅಲ್ಲಿದ್ದವನು. ಹೊರಡುವುದಕ್ಕೆ ಇಪ್ಪತ್ತೈದು ನಿಮಿಷ ಮುಂಚೆ ಮುಚ್ಚುತ್ತಾರಂತೆ.

ಗಾಜಿನಾಚೆ ವಿಮಾನ ನಿಂತಿತ್ತು. ದೂರದಲ್ಲಲ್ಲ, ನಮ್ಮ ಬಸ್‌ಸ್ಟ್ಯಾಂಡಿನ ಈ ಕಡೆಯಿಂದ ಆ ಕಡೆಯಷ್ಟು. ಕಿಟಕಿಯೊಳಗೆ ಕೂತವರ ಮುಖ ಕಾಣುತ್ತಿತ್ತು. "ಅಣ್ಣ, ಅಗೋ ಅಲ್ಲೇ ನಿಂತದಲ್ಲಣ್ಣ. ನಮ್ಮೆಜಮಾನ್ರು ಕಾಯ್ತಾವ್ರೆ, ಒಂದ್ ಗಂಟೆಗೆ ಮುಗ್ದೋಯ್ತದೆ. ತಡ ಮಾಡ್ದೋರೂ ನೀವೇ ತಾನೆ?" ಎಂದೆ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಬಂದಿದ್ದರೂ ಅವನು ನನ್ನ ಮುಖ ನೋಡಬೇಕಲ್ಲ, ಕಂಪ್ಯೂಟರಿನಿಂದ ಕಣ್ಣೇ ಎತ್ತಲಿಲ್ಲ. ವಿಮಾನ ಅಲ್ಲಾಡದೆ ಹಾಗೇ ಇತ್ತು. ಹದಿನೇಳು ವರ್ಷದ ಕಂಡಕ್ಟರಿಕೆಯಲ್ಲಿ ಕೈ ಅಡ್ಡ ಹಿಡಿದು ಓಡಿ ಬಂದವರನ್ನು ಬಿಟ್ಟು ನಾನು ಒಂದು ದಿನವೂ ಗಾಡಿ ಹೊರಡಿಸಿಲ್ಲ. ಪಾಂಡವಪುರದ ಹತ್ತಿರ ಕಬ್ಬಿನ ಗದ್ದೆಯೊಳಗಿಂದ ಹೆಂಗಸರು ಕುಡುಗೋಲು ಎತ್ತಿ ತೋರಿಸಿದರೂ ನಿಲ್ಲಿಸಿದ್ದೇನೆ. "ನಿಮ್ ಬಸ್ಸು ನಾಯಿ ಅಡ್ಡ ಬಂದ್ರೂ ನಿಂತ್ಕತದೆ, ಇಂಗಾದ್ರೆ ಊರು ಸೇರದು ಯಾವಾಗ್ಲೇ?" ಎಂದು ನೀವು ನಗುತ್ತಿದ್ದಿರಿ.

ಆಮೇಲೆ ನಾನು ಮಾಡಿದ್ದನ್ನು ಅರ್ಪಿತಳಿಗೂ ಹೇಳಿಲ್ಲ. ಪರ್ಸಿನಲ್ಲಿ ವಿಷಲ್ ಇತ್ತು. ಡ್ಯೂಟಿ ಇಲ್ಲದ ದಿನವೂ ಅದು ಅಲ್ಲೇ ಇರುತ್ತದೆ. ತೆಗೆದು, ಗಾಜಿಗೆ ಮುಖ ಆನಿಸಿ, ಒಂದು ಉದ್ದ ವಿಷಲ್ ಹೊಡೆದೆ. ಎರಡಾದರೆ ಹೋಗು ಎಂದು, ಒಂದಾದರೆ ನಿಲ್ಲು ಎಂದು. ಅಷ್ಟು ದೊಡ್ಡ ಕಟ್ಟಡದಲ್ಲಿ ಎಲ್ಲರೂ ತಿರುಗಿ ನೋಡಿದರು. ಒಬ್ಬ ಮೊಬೈಲು ಎತ್ತಿ ಹಿಡಿದ. ಬಂದೂಕಿನ ಪೊಲೀಸರು ಇಬ್ಬರು ಬಂದು ವಿಷಲ್ ಕಿತ್ತುಕೊಂಡು ಏನೇನೋ ಕೇಳಿದರು, ನಾನು ಡಿಪೋದ ಗುರುತಿನ ಚೀಟಿ ತೋರಿಸುತ್ತಾ ಅಳುತ್ತಾ ನಿಂತೆ. ಅವರಿಗೂ ಏನು ಮಾಡಬೇಕೋ ತಿಳಿಯದೆ ಕೊನೆಗೆ ವಿಷಲ್ ವಾಪಸು ಕೊಟ್ಟು ಕುರ್ಚಿ ತೋರಿಸಿದರು. ಅಷ್ಟೆಲ್ಲ ಆದ ಮೇಲೆ ವಿಮಾನ ನಿಧಾನವಾಗಿ ಹಿಂದಕ್ಕೆ ಸರಿದು ಹೊರಟಿತು. ನನ್ನ ಮೇಲೇ ನನಗೆ ಅಸಹ್ಯವಾಯಿತು.

ಒಂದು ಒಳ್ಳೆಯದೂ ಆಯಿತು, ಅದನ್ನೂ ಹೇಳಬೇಕು. ನೆಲ ಒರೆಸುತ್ತಿದ್ದ ಒಬ್ಬಳು ಯಾದಗಿರಿಯ ಕಡೆಯವಳು, ನಾನು ಅಳುತ್ತಾ ಅಂದುಕೊಂಡ ಕನ್ನಡ ಕೇಳಿಸಿ ಹತ್ತಿರ ಬಂದಳು. "ಅಳಬ್ಯಾಡ್ರಿ ಅಕ್ಕಾ, ಇವ್ರು ದಿನಾ ಹಿಂಗ ಮಾಡ್ತಾರ್ರಿ" ಎಂದು ತನ್ನ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು. ಅಲ್ಲಿ ಮಾರುವ ಚಹಾಕ್ಕೆ ಎಷ್ಟು ಎಂದು ನೋಡಿಯೇ ನಾನು ಸುಮ್ಮನಾಗಿದ್ದೆ. ಯಾರನ್ನು ನೋಡಲು ಹೊರಟಿದ್ದೀರಿ ಎಂದು ಕೇಳಿದಳು. ಊರಲ್ಲಿ ಐದು ತಿಂಗಳಿಂದ ಎಲ್ಲರಿಗೂ ನೀವು ಆ ಕಡೆ ಗಾಡಿ ಓಡಿಸುತ್ತಿದ್ದೀರಿ ಎಂದೇ ಹೇಳಿಕೊಂಡು ಬಂದಿದ್ದವಳು, ಅವಳಿಗೆ ಎಲ್ಲ ಹೇಳಿಬಿಟ್ಟೆ. ಎಳನೀರು ಲೋಡು ಹೊತ್ತ ಲಾರಿ, ಬೆಳಗಿನ ಜಾವ, ಸೈಕಲ್ಲಿನಲ್ಲಿ ಹಾಲು ಹಾಕುವವನು, ಅವನು ಸತ್ತದ್ದು, ಜಾಮೀನಿಗೆ ಆ ಊರಿನವರೇ ಬೇಕೆಂದು ನೀವು ಜೈಲಿನೊಳಗೇ ಉಳಿದದ್ದು. ಅವಳು ಅಯ್ಯೋ ಎನ್ನಲಿಲ್ಲ. "ಊಟ ಛಲೋ ಕೊಡ್ತಾರೇನ್ರೀ ಅಲ್ಲಿ?" ಎಂದಳು ಅಷ್ಟೇ. ಅವಳನ್ನು ಕರೆಯಲು ಯಾರೋ ಬಂದರು, ಬಕೆಟ್ಟು ಎತ್ತಿಕೊಂಡು ಹೋದಳು. ಹೆಸರು ಕೇಳುವುದನ್ನೂ ಮರೆತೆ.

ಒಂದೂವರೆಯ ವಿಮಾನದಲ್ಲಿ ಕಳಿಸಿದರು. ಅದರಲ್ಲಿ ಕಿಟಕಿ ಸಿಕ್ಕಿತು, ಬೇಡವಾದಾಗ. ಮೋಡದ ಮೇಲೆ ಬಿಸಿಲು ಬಿದ್ದದ್ದು ಚೆಂದ ಕಾಣುತ್ತದೆ, ಇಲ್ಲವೆನ್ನುವುದಿಲ್ಲ. ಮೋಡ ಸರಿದಾಗ ಕೆಳಗೆ ಒಂದು ಹೆದ್ದಾರಿ, ಅದರ ಮೇಲೆ ಲಾರಿಗಳು ಇರುವೆ ಸಾಲಿನಂತೆ. ನೀವು ಎರಡು ಹಗಲು ಎರಡು ರಾತ್ರಿ ನಿದ್ದೆಗೆಟ್ಟು ಓಡಿಸುವ ದಾರಿ ಅದೇ ಇರಬೇಕೆಂದು ನೋಡುತ್ತಾ ಕೂತೆ. ಬಚ್ಚಲಿಗೆಂದು ಹಿಂದಕ್ಕೆ ಹೋದಾಗ ಪರದೆಯ ಹಿಂದೆ ಅಲ್ಲಿಯ ಹುಡುಗಿ ಎತ್ತರದ ಚಪ್ಪಲಿ ಕಳಚಿ, ಊದಿದ ಪಾದ ತಣ್ಣನೆಯ ನೆಲಕ್ಕೆ ಒತ್ತಿ, ನಿಂತುಕೊಂಡೇ ಡಬ್ಬಿಯಿಂದ ಅನ್ನ ತಿನ್ನುತ್ತಿದ್ದಳು. ಬೆಳಗಿನಿಂದ ಈ ವಿಮಾನದವರ ಮೇಲೆಲ್ಲ ಇದ್ದ ಸಿಟ್ಟು ಅವಳ ಮಟ್ಟಿಗೆ ಮಾತ್ರ ಇಳಿಯಿತು. ಬಚ್ಚಲಿನ ಬಗ್ಗೆ ಬರೆಯುವುದಿಲ್ಲ. ನಮ್ಮ ಬಸ್‌ಸ್ಟ್ಯಾಂಡಿನದನ್ನು ಬೈಯುವವರನ್ನು ಒಂದು ಸಲ ಅಲ್ಲಿಗೆ ಕಳಿಸಬೇಕು.

ನಂಜಪ್ಪಣ್ಣ ಎಳನೀರಿನ ಮಂಡಿಯಲ್ಲಿ ಲೋಡು ಇಳಿಸುವುದನ್ನು ಬಿಟ್ಟು ನನ್ನನ್ನು ಕರೆದೊಯ್ಯಲು ಬಂದಿದ್ದರು. ವಕೀಲರನ್ನು ಹಿಡಿದುಕೊಟ್ಟದ್ದೂ ಅವರೇ, ಅವರ ಋಣ ದೊಡ್ಡದು. ನಿಮ್ಮ ಗೇಟಿಗೆ ಬಂದಾಗ ನಾಲ್ಕು ಗಂಟೆ. "ಮುಲಾಕಾತ್ ಖತಂ" ಎಂದ ಪೊಲೀಸಪ್ಪ, ಭೇಟಿಯ ಹೊತ್ತು ಮುಗಿಯಿತಂತೆ. ಅವನ ಮೇಲೆ ನನಗೆ ಕೋಪವಿಲ್ಲ, ಅವನದು ಗೋಡೆಗೆ ಬರೆದು ಹಾಕಿದ ಸಮಯ. ಮತ್ತೆ ಗುರುವಾರವೇ ಭೇಟಿಯಂತೆ, ನನಗೆ ಬುಧವಾರ ಬೆಳಿಗ್ಗೆ ಡ್ಯೂಟಿ. ಟವೆಲ್ಲು, ಎರಡು ಬನಿಯನ್ನು, ಮುಲಾಮು ತೆಗೆದುಕೊಂಡರು, ಹುರಿಹಿಟ್ಟು ಬೇಡವೆಂದರು. ಸಿಕ್ಕಿತೋ ಇಲ್ಲವೋ ಬರೆಯಿರಿ. ಹುರಿಹಿಟ್ಟನ್ನು ನಂಜಪ್ಪಣ್ಣನ ಮಂಡಿಯ ಆಳುಗಳಿಗೆ ಕೊಟ್ಟೆ, ಮದ್ದೂರಿನ ಕಡೆಯ ಇಬ್ಬರು ಹುಡುಗರು ಬೆಲ್ಲ ಹಾಕಿಕೊಂಡು ಅಲ್ಲೇ ಕಲಸಿ ತಿಂದರು.

ಬರುವಾಗ ಎರಡು ವಿಮಾನವೂ ಒಂದು ನಿಮಿಷ ತಡವಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ನಗುವ ಹುಡುಗಿಯರು ಕೈಮುಗಿದು ಮತ್ತೆ ಬನ್ನಿ ಎಂದರು.

ಅತ್ತೆ ನಿಮಗಾಗಿ ಕರಿಘಟ್ಟದ ಮೆಟ್ಟಿಲು ಹತ್ತುತ್ತೇನೆಂದು ಹರಕೆ ಹೊತ್ತಿದ್ದಾರೆ, ಆ ಮಂಡಿನೋವಿನಲ್ಲಿ! "ನನ್ ಮಗ ಉಸಾರಾಗಿರ್ಲಿ ಅಂತ ಬರಿ ಕಣವ್ವ" ಎನ್ನುತ್ತಾ ಪಕ್ಕದಲ್ಲೇ ಕೂತಿದ್ದಾರೆ. ಮಾವನವರು ಪೋಸ್ಟು ಬರುವ ಹೊತ್ತಿಗೆ ಬಾಗಿಲಿಗೆ ಬಂದು ಕೂರುತ್ತಾರೆ. ಅರ್ಪಿತಳ ನಮಸ್ಕಾರ. ಸರಿಯಾಗಿ ಊಟ ಮಾಡಿ, ಯಾರ ಜೊತೆಯೂ ಮಾತಿಗೆ ಮಾತು ಬೆಳೆಸಬೇಡಿ.

ನಿಮ್ಮ ದಾರಿ ಕಾಯುವ
ಪುಷ್ಪ

ಮ.ಸಾ: ಇದನ್ನು ಅತ್ತೆ ಎದ್ದು ಒಳಗೆ ಹೋದ ಮೇಲೆ ಬರೆಯುತ್ತಿದ್ದೇನೆ. ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಮಂಗಳವಾರ ವಿಮಾನ ಮಧ್ಯಾಹ್ನಕ್ಕಿತ್ತು. ಬೆಳಿಗ್ಗೆ ನಂಜಪ್ಪಣ್ಣನ ಜೊತೆ ಆ ಹಾಲಿನವನ ಮನೆಗೆ ಹೋಗಿದ್ದೆ. ಅವನ ಹೆಂಡತಿ ನನ್ನಷ್ಟೇ ವಯಸ್ಸಿನವಳು. ನಾನು ಯಾರೆಂದು ತಿಳಿದ ಮೇಲೂ ಹೊರಗೆ ಕಳಿಸಲಿಲ್ಲ, ನೀರು ಕೊಟ್ಟಳು. ಒಂದೇ ಮಾತು ಕೇಳಿದಳು, ನಂಜಪ್ಪಣ್ಣ ನನಗೆ ತಿಳಿಸಿದರು: "ಗಾಡಿ ನಿಲ್ಸಿದ್ನಾ ಅಂತ ಕೇಳ್ತಾವ್ಳೆ ಕಣವ್ವ." ನಿಲ್ಲಿಸಿದರು, ತಲೆ ಎತ್ತಿ ಹಿಡಿದು ನೀರು ಕುಡಿಸಿದರು ಎಂದುಬಿಟ್ಟೆ. ಅವಳು ಸೆರಗು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಅತ್ತಳು, ಆಮೇಲೆ ನನ್ನ ಕೈ ಹಿಡಿದುಕೊಂಡಳು. ಐದು ತಿಂಗಳಲ್ಲಿ ನಾನು ನಿಮ್ಮನ್ನು ಇದೊಂದನ್ನು ಕೇಳಿಲ್ಲ, ನೀವೂ ಹೇಳಿಲ್ಲ. ನಾನು ಹೇಳಿದ್ದು ನಿಜವಾ? ಎದುರಿಗೆ ಕೇಳಬೇಕೆಂದೇ ಬಂದಿದ್ದೆ. ಬೇರೇನೂ ಬರೆಯದಿದ್ದರೂ ಸರಿ, ಅದನ್ನು ಬರೆಯಿರಿ. ನಿಲ್ಲಿಸಲಿಲ್ಲ ಎಂದರೆ ಇಲ್ಲ ಎಂದೇ ಬರೆಯಿರಿ. ಆ ಮನೆಗೆ ಇನ್ನೊಮ್ಮೆ ಹೋಗಿ ಹೇಳಿ ಬರುವುದು ನನ್ನ ಪಾಲಿಗಿದೆ.