ಇಮಾಮಬೀ ತಂದಿಟ್ಟ ಚಿತ್ರಗಳು

ಯಲಬುರ್ಗಾ, 1938

ಹಂಪಣ್ಣ,

ಕುಷ್ಟಗಿಯಲ್ಲಿ ಒಂದೇ ಕೋಣೆಯಲ್ಲಿದ್ದು ಓದಿದವರು ನಾವು. ಆದರೂ ನಿನ್ನನ್ನು ಗೆಳೆಯ ಎನ್ನಲು ಈಗ ನಾಲಿಗೆ ಏಳುವುದಿಲ್ಲ. ಸಿಗರೇಟು ಕಂಪನಿ ನಿನ್ನನ್ನು ಈಗ ಯಾವ ಊರಿಗೆ ಕಳಿಸಿದೆಯೋ ತಿಳಿಯದು. ತಿಳಿದಿದ್ದರೂ ಇದನ್ನು ಅಂಚೆಗೆ ಹಾಕುತ್ತಿರಲಿಲ್ಲ. ನೀನು ಓದಿ ನಗುತ್ತೀ.

ಉಮರಸಾಬ ನಿನಗೆ ಗೊತ್ತಿಲ್ಲ. ಪಾತ್ರೆಗಳಿಗೆ ಕಲಾಯಿ ಹಾಕುವ ಹೊಗೆ ಕುಡಿದು ಕುಡಿದು ಅವನ ಎದೆ ಕೆಟ್ಟಿತ್ತು. ಹಕೀಮರ ಮಾತು ಕೇಳಿ ಸಿಗರೇಟು ಬಿಟ್ಟಿದ್ದ. ನೀನು ನಮ್ಮ ಸಾಲೆಗೆ ಬಂದು, ಪಾಕೀಟಿನೊಳಗಿನ ಹುಲಿ, ವಿಮಾನಗಳ ಬಣ್ಣದ ಚಿತ್ರ ತೋರಿಸಿ ಮಕ್ಕಳಿಗೆ ಏನೆಂದೆ?

"ಐವತ್ತು ಚಿತ್ರ ಕೂಡಿಸಿದವರಿಗೆ ಕಣ್ಣು ಮುಚ್ಚಿ ತೆಗಿಯೋ ಗೊಂಬಿ ಕೊಡ್ತೀನಿ. ನಮ್ಮ ಸಿಗರೇಟೇ ತಗೋ ಅಂತ ಅಪ್ಪನ ಹತ್ರ ಹಟ ಹಿಡೀರಿ."

ಉಮರಸಾಬನ ಮಗಳು ಇಮಾಮಬೀ ಅಂದೇ ಹಟ ಹಿಡಿದಳು. ತಾಯಿಯಿಲ್ಲದ ಮಗಳ ಮಾತು ಮೀರಲಾರದೆ ಅವನು ಮತ್ತೆ ಸೇದತೊಡಗಿದ.

ನಿನ್ನೆ ಅವನನ್ನು ಮಣ್ಣು ಮಾಡಿದೆವು. ಇವತ್ತು ಇಮಾಮಬೀ ಬಂದು ನಲವತ್ತಾರು ಚಿತ್ರಗಳನ್ನು ನನ್ನ ಮೇಜಿನ ಮೇಲಿಟ್ಟಳು.

"ಮಾಸ್ತರ, ಇವನ್ನ ಅವರಿಗೇ ಕೊಟ್ಟುಬಿಡ್ರಿ. ನನಗ ಗೊಂಬಿ ಬ್ಯಾಡ."

ಎಂಟು ವರ್ಷದ ಮಗುವಿನ ಕೈಯಿಂದ ಅವಳ ತಂದೆಗೇ ವಿಷ ಉಣಿಸಿದವನು ನೀನು. ನಾನು ಅವಳಿಗೆ ಹೇಳಿದೆ: "ತಪ್ಪು ನಿಂದಲ್ಲವ್ವ. ಆ ಮನಷ್ಯಾ ಭಾಳ ಕೆಟ್ಟವ ಅದಾನ."

ಅವಳು ನನ್ನ ಮುಖವನ್ನೇ ನೋಡಿದಳು.

"ಮತ್ತ ಅವತ್ತು ಅವರಿಗೆ ಚಪ್ಪಾಳಿ ಹೊಡೀರಿ ಅಂತ ನೀವ್ಯಾಕ ಹೇಳಿದ್ರಿ?"